ಎರಡನೆಯ ದಿನದಿಂದ ಮೈಸೂರು

ಮೈಸೂರನ್ನು ಒಂದು ದಿನದಲ್ಲಿ ನೋಡಿ ಮುಗಿಸಬಹುದು. ಈ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿಲ್ಲ. ಬೆಂಗಳೂರಿನಿಂದ ಬೆಳಗ್ಗೆ ಹೊರಡುವ ಟೂರಿಸ್ಟ್ ಬಸ್ಸುಗಳು ಶ್ರೀರಂಗಪಟ್ಟಣ, ಬೆಟ್ಟ, ಅರಮನೆ, ಮೃಗಾಲಯ, ಸಂಜೆಗೆ ಬೃಂದಾವನ ಎಂದು ಎಲ್ಲವನ್ನೂ ತೀರಿಸಿ, ಅದೇ ರಾತ್ರಿ ಜನರನ್ನು ವಾಪಸು ಮೆಜೆಸ್ಟಿಕ್ಕಿನಲ್ಲಿ ಇಳಿಸುತ್ತವೆ. ನಡುವೆ ಊಟಕ್ಕೂ ಬಿಡುತ್ತಾರೆ. ಹಾಗಿದ್ದ ಮೇಲೆ ಈ ಊರಿಗೆ ತಿಂಗಳೊಪ್ಪತ್ತು ಇರಲು ಬಂದವರು ಮಿಕ್ಕ ದಿನಗಳಲ್ಲಿ ಏನು ಮಾಡಬೇಕು? ಇದಕ್ಕೆ ಶಾಸ್ತ್ರೋಕ್ತವಾದ ಉತ್ತರವನ್ನು ಯಾರೂ ಬರೆದಿಟ್ಟಿಲ್ಲ. ಬರೆಯಬಲ್ಲವರೆಲ್ಲ ಮಧ್ಯಾಹ್ನ ಮಲಗಿರುತ್ತಾರೆ. ಹಾಗಾಗಿ ಆ ಹೊಣೆ ನನ್ನ ಮೇಲೆ ಬಿದ್ದಿದೆ.

ನನ್ನ ಅರ್ಹತೆಯ ಬಗ್ಗೆ ಎರಡು ಮಾತು. ಹುಟ್ಟಿದ್ದು ಅಗ್ರಹಾರದಲ್ಲಿ, ಇರುವುದು ಸರಸ್ವತಿಪುರದಲ್ಲಿ. ಇಷ್ಟು ದೂರ ಬರಲು ನಮ್ಮ ಮನೆತನಕ್ಕೆ ಒಂದು ತಲೆಮಾರು ಹಿಡಿಯಿತು. ಅರಮನೆಯ ಒಳಗೆ ಕಾಲಿಡುವುದು ನೆಂಟರು ಬಂದಾಗ ಮಾತ್ರ. ಟಿಕೆಟ್ಟು ಅವರದು, ವಿವರಣೆ ನನ್ನದು. ಜಂಬೂಸವಾರಿಯನ್ನು ನೋಡುವುದು ಟೀವಿಯಲ್ಲಿ. ಆನೆ ಹೋಗುವ ರಸ್ತೆ ಮನೆಗೆ ಹತ್ತಿರವಿದ್ದಷ್ಟೂ ಟೀವಿಯಲ್ಲೇ ನೋಡಬೇಕೆಂಬುದು ನಿಯಮ. ಊರಿನವನ ಲಕ್ಷಣಗಳು ಇವೇ ಎಂದು ತಜ್ಞರು ಒಪ್ಪಿದ್ದಾರೆ. ತಜ್ಞರೆಂದರೆ ನಾನು ಮತ್ತು ಪಕ್ಕದ ಮನೆಯ ನಿವೃತ್ತ ಮೇಷ್ಟರು.

ಶಾಸ್ತ್ರಕ್ಕೆ ಪ್ರಯೋಗವೂ ಬೇಕಷ್ಟೆ. ನನ್ನ ಷಡ್ಡಕರು, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ, ಧಾರವಾಡದವರು. ನಿವೃತ್ತಿಯಾದ ಮೇಲೆ ಹವಾ ಬದಲಾವಣೆಗೆಂದು ನಮ್ಮ ಮನೆಗೆ ಬಂದರು. ನಾನು ಅವರನ್ನು ಭಾವ ಎನ್ನುತ್ತೇನೆ. ಅವರಲ್ಲಿ ಒಂದೇ ದೋಷ: ಊಟವಾದ ಕೂಡಲೇ ಕೈ ಒರೆಸಿಕೊಳ್ಳುತ್ತ, "ಇನ್ನ ನಾಳೆ ಏನ್ ನೋಡೂದ್ರೀ?" ಎಂದು ಕೇಳುತ್ತಾರೆ. ಮೊದಲ ದಿನವೇ ಅರಮನೆ, ಫಿಲೋಮಿನಾ ಚರ್ಚು, ಬೆಟ್ಟ, ಬೃಂದಾವನದ ಕಾರಂಜಿ ನಾಲ್ಕನ್ನೂ ತೋರಿಸಿಬಿಡೋಣ ಎಂದು ನನ್ನ ಮಗ ಸಲಹೆ ಕೊಟ್ಟಿದ್ದ. ಅವನು ಇರುವುದು ಬೆಂಗಳೂರಿನಲ್ಲಿ. ಇದ್ದ ಬಂಡವಾಳವನ್ನೆಲ್ಲ ಒಂದೇ ದಿನ ಖರ್ಚು ಮಾಡುವ ಅಭ್ಯಾಸ ಅಲ್ಲಿಯದು.

ದೀರ್ಘಾವಧಿಯ ಅತಿಥಿಯ ವಿಷಯದಲ್ಲಿ ಮೂಲಸೂತ್ರ ಇಷ್ಟೇ: ನೋಡುವಂಥದ್ದನ್ನು ಹಿಗ್ಗಿಸಬೇಕು. ಮೃಗಾಲಯವನ್ನೇ ತೆಗೆದುಕೊಳ್ಳಿ. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1892ರಲ್ಲಿ ಶುರುವಾದದ್ದು, ದೇಶದ ಹಳೆಯ ಮೃಗಾಲಯಗಳಲ್ಲಿ ಒಂದು. ಅದಕ್ಕೆ ಮಂಗಳವಾರ ರಜೆ. ಆದ್ದರಿಂದ ಅತಿಥಿಯನ್ನು ಮಂಗಳವಾರವೇ ಅಲ್ಲಿಗೆ ಕಳಿಸಬೇಕು. ಆಟೊ ಹಿಡಿದು ಹೋಗುವುದು, ಮುಚ್ಚಿದ ಗೇಟು ನೋಡುವುದು, ಎಳನೀರು ಕುಡಿಯುವುದು, ಕಾರಂಜಿ ಕೆರೆಯಾದರೂ ನೋಡೋಣವೆಂದರೆ ಅಲ್ಲಿಗೂ ಮಂಗಳವಾರವೇ ರಜೆ ಎಂದು ಮರದ ಕೆಳಗೆ ಕೂತ ಯಾರೋ ಹೇಳುವುದು, ಅವರೊಡನೆ ಮಾತಿಗೆ ಬೀಳುವುದು, ಇಷ್ಟಾಗುವಾಗ ಊಟದ ಹೊತ್ತು. ಒಂದು ದಿನ ಸಾರ್ಥಕವಾಗಿ ಕಳೆಯಿತು, ಮೃಗಾಲಯ ಇನ್ನೂ ಹಾಗೆಯೇ ಉಳಿದಿದೆ. ಭಾವ ಹಿಂದಿರುಗಿದಾಗ ಅವರ ಮುಖದಲ್ಲಿ ಸಂತೃಪ್ತಿಯಿತ್ತು. ಅದು ಬೇರೇನೋ ಇರಬಹುದೆಂದು ನನ್ನ ಹೆಂಡತಿಯ ಅಭಿಪ್ರಾಯ.

ಬೆಳಗಿನ ತಿಂಡಿಯ ಪ್ರಶ್ನೆ ಇದಕ್ಕಿಂತ ಜಟಿಲ. ಹೊರಗಿನವರು ಮೈಸೂರು ಮಸಾಲೆ ದೋಸೆಯನ್ನು ಮೈಸೂರಿನಲ್ಲೇ ತಿನ್ನಬೇಕೆಂಬ ಹಟದಿಂದ ಬರುತ್ತಾರೆ. ಒಳಗೆ ಕೆಂಪು ಚಟ್ನಿ ಸವರಿದ ಗರಿಗರಿ ದೋಸೆ ಅವರ ಕಲ್ಪನೆ. ಮುಂಬಯಿಯಲ್ಲಂತೂ ಬೆಣ್ಣೆ, ಬೀಟ್‌ರೂಟು, ದೊಣ್ಣೆಮೆಣಸಿನಕಾಯಿ ಎಲ್ಲವನ್ನೂ ಹೆಂಚಿನ ಮೇಲೆಯೇ ಕಲಸಿ ಮೈಸೂರ್ ಮಸಾಲಾ ಎಂದು ಕೊಡುತ್ತಾರೆ. ನಮ್ಮೂರಿನಲ್ಲಿ ಜನ ಬಾಗಿಲಲ್ಲಿ ನಿಂತು ಕಾಯುವುದು ನಜರಬಾದಿನ ಮೈಲಾರಿ ದೋಸೆಗೆ. ಅದು ಮೆತ್ತಗೆ, ಸಣ್ಣಗೆ; ಒಳಗೆ ಸಾಗು, ಮೇಲೆ ಬೆಣ್ಣೆ, ಪಕ್ಕದಲ್ಲಿ ಕಾಯಿಚಟ್ನಿ. ಕೆಂಪು ಚಟ್ನಿಯ ಸುಳಿವೇ ಇಲ್ಲ. ಮೊದಲ ತುತ್ತು ಬಾಯಿಗಿಟ್ಟ ಭಾವ, "ಇದಕ್ಕ ಖಾರ ಹಾಕೂದು ಮರತಾರೇನ್ರೀ?" ಎಂದು ಸ್ವಲ್ಪ ಗಟ್ಟಿಯಾಗಿಯೇ ಕೇಳಿದರು. ಪಕ್ಕದ ಮೇಜಿನವರು ತಿನ್ನುವುದನ್ನು ನಿಲ್ಲಿಸಿದರು. ಅತಿಥಿ ಇಂಥ ಮಾತಾಡಿದಾಗ ಸ್ಥಳೀಯನಾದವನು ಉತ್ತರ ಕೊಡಬಾರದು. ಇನ್ನೊಂದು ದೋಸೆ ಹೇಳಬೇಕು. ಹೇಳಿದೆ. ಆಮೇಲೆ ಅವರೇ ಇನ್ನೊಂದು ಹೇಳಿದರು.

ಅದೇ ನಜರಬಾದಿನಲ್ಲಿ, ಹೆಚ್ಚು ನಡೆಯುವ ಶ್ರಮವಿಲ್ಲದಂತೆ, ಮೈಲಾರಿ ಹೆಸರಿನ ಎರಡು ಹೋಟೆಲುಗಳಿವೆ. ಯಾವುದು ಅಸಲಿ ಎಂಬ ಬಗ್ಗೆ ಊರು ಇಬ್ಭಾಗವಾಗಿದೆ. ಈ ವಿವಾದದಲ್ಲಿ ತಜ್ಞನ ನಿಲುವು ಸ್ಪಷ್ಟವಾಗಿರಬೇಕು: ಅತಿಥಿ ಯಾವುದರಲ್ಲಿ ತಿಂದು ಬಂದಿದ್ದಾನೋ ಅದಲ್ಲ, ಇನ್ನೊಂದು. ಅಲ್ಲಿಗೂ ಹೋಗಿ ತಿಂದು ಬಂದರೆ? "ನೀವು ಹೋದದ್ದು ಎಷ್ಟು ಹೊತ್ತಿಗೆ?" ಎಂದು ಕೇಳಬೇಕು. ಅವನು ಯಾವ ಹೊತ್ತು ಹೇಳಿದರೂ, "ಛೆ, ಅಷ್ಟು ಹೊತ್ತಿಗೆ ಹೋಗಬಾರದು" ಎನ್ನಬೇಕು. ಆಗ ಚಾಮುಂಡಿಪುರದ ಜಿ.ಟಿ.ಆರ್. ದೋಸೆಯ ಮಾತು ತೆಗೆದರೆ ಇನ್ನೆರಡು ದಿನ ನಿಶ್ಚಿಂತೆ. ಮಾಂಸ ತಿನ್ನುವ ಅತಿಥಿಯಾದರೆ ಮಂಡಿ ಮೊಹಲ್ಲಾದ ಹನುಮಂತು ಪಲಾವಿನ ಕಡೆ ತಿರುಗಿಸಬಹುದು. ಅಲ್ಲಿಂದ ಬಂದವರು ಆ ದಿನ ಮತ್ತೇನೂ ಕೇಳುವುದಿಲ್ಲ, ಒರಗಲು ಒಂದು ದಿಂಬು ಬಿಟ್ಟು.

ಮೈಸೂರಿನ ಹೆಸರು ಹೊತ್ತದ್ದು ಮೈಸೂರಿನಲ್ಲೇ ಇರಬೇಕೆಂಬ ಕಟ್ಟಳೆ ಇಲ್ಲ ಎಂಬುದನ್ನೂ ಅತಿಥಿಗೆ ಮೊದಲೇ ತಿಳಿಸುವುದು ಒಳ್ಳೆಯದು. ಮೈಸೂರ್ ಸ್ಯಾಂಡಲ್ ಸೋಪು ತಯಾರಾಗುವುದು ಬೆಂಗಳೂರಿನಲ್ಲಿ. 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು ತನ್ನ ಕೇಂದ್ರ ಕಚೇರಿ ಇಟ್ಟುಕೊಂಡದ್ದು ಬೆಂಗಳೂರಿನಲ್ಲಿ. 2017ರಲ್ಲಿ ಅದು ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಗಿ ಹೋದರೂ ಅಲ್ಲಿನ ಮೈಸೂರು ಬ್ಯಾಂಕ್ ಸರ್ಕಲ್ಲಿನ ಹೆಸರು ಹಾಗೆಯೇ ಉಳಿದಿದೆ. ನಮ್ಮ ಊರು ಹೆಸರು ಕೊಡುತ್ತದೆ, ಮಿಕ್ಕ ಕೆಲಸವನ್ನು ಬೇರೆಯವರು ಮಾಡಿಕೊಳ್ಳುತ್ತಾರೆ. ಇದರಲ್ಲಿ ನಮಗೆ ಬೇಸರವಿಲ್ಲ, ಕೆಲಸ ಉಳಿಯಿತಲ್ಲ.

ಇದಕ್ಕೆ ಅಪವಾದ ಮೈಸೂರು ಪಾಕು. ನಾಲ್ವಡಿ ಕೃಷ್ಣರಾಜ ಒಡೆಯರ ಅಡುಗೆಮನೆಯಲ್ಲಿದ್ದ ಕಾಕಾಸುರ ಮಾದಪ್ಪನವರ ಕೈಯಲ್ಲಿ ಅದು ಹುಟ್ಟಿತೆಂದು ಹೇಳುತ್ತಾರೆ. ಅವರ ವಂಶದವರ ಗುರು ಸ್ವೀಟ್ಸ್ ಈಗಲೂ ಸಯ್ಯಾಜಿರಾವ್ ರಸ್ತೆಯಲ್ಲಿ ದೇವರಾಜ ಮಾರುಕಟ್ಟೆಗೆ ಆತುಕೊಂಡು ಇದೆ. ಪಾಕದಲ್ಲಿ ಎರಡು ಪಂಥಗಳು. ತುಪ್ಪ ಜಿನುಗುತ್ತ ಬಾಯಲ್ಲಿ ಕರಗುವುದು ಒಂದು. ಒಳಗೆಲ್ಲ ಜೇನುಗೂಡಿನಂತೆ ತೂತಾಗಿ, ಕಡಿದರೆ ಸದ್ದಾಗುವುದು ಇನ್ನೊಂದು. ನಾನು ಸದ್ದಿನ ಪಂಥದವನು. ಹಲ್ಲು ಕಟ್ಟಿಸಿಕೊಂಡ ಮೇಲೂ ಸಿದ್ಧಾಂತ ಬಿಟ್ಟಿಲ್ಲ. ಭಾವ ಒಂದು ತುಂಡು ತಿಂದು, ಎದ್ದು ಹೋಗಿ, ತಮ್ಮ ಚೀಲದಿಂದ ಪೇಢೆಯ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟರು. "ಲೈನ್ ಬಜಾರದಾಗ ಪಾಳಿ ಹಚ್ಚಿ ತಂದದ್ದರೀ" ಎಂದರು. ನಾನು ಒಂದು ಪೇಢೆ ತಿಂದೆ. ಇಬ್ಬರೂ ಏನೂ ಹೇಳಲಿಲ್ಲ. ಸಂಬಂಧಗಳು ಉಳಿಯುವುದು ಹೀಗೆಯೇ.

ಮನೆಯೂಟದ ವಿಷಯ ಇಲ್ಲಿ ಹೆಚ್ಚು ಬೆಳೆಸುವುದಿಲ್ಲ. ಈರನಗೆರೆ ಬದನೆಕಾಯಿಯ ವಾಂಗೀಬಾತನ್ನು ಅವರು ಮೆಚ್ಚಿಕೊಂಡರು. ಹುಳಿಗೆ ಬೆಲ್ಲ ಯಾಕೆ ಎಂದು ವಾರಪೂರ್ತಿ ಕೇಳಿದರು. ಬೆಲ್ಲ ಹಾಕದಿದ್ದರೆ ಅದು ಹುಳಿಯೇ ಅಲ್ಲ ಎಂದು ನನ್ನ ಹೆಂಡತಿ ವಾರಪೂರ್ತಿ ಹೇಳಿದಳು. ಅವಳೂ ಧಾರವಾಡದವಳೇ. ಎರಡನೆಯ ವಾರದಿಂದ ಎಲೆಯ ಪಕ್ಕದಲ್ಲಿ ಶೇಂಗಾ ಚಟ್ನಿಪುಡಿಯ ಡಬ್ಬಿ ಕಾಣಿಸಿಕೊಂಡಿತು.

ಇನ್ನು ಚಟುವಟಿಕೆಗಳು. ಬೆಳಗಿನ ಹೊತ್ತು ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯುವುದು ಕಡ್ಡಾಯ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ. ಈ ಏರಿಯ ಮೇಲೆ ಕುವೆಂಪು ನಡೆದಿದ್ದಾರೆ, ಆರ್. ಕೆ. ನಾರಾಯಣ್ ನಡೆದಿದ್ದಾರೆ. ಆದ ಕಾರಣ ಈಗ ಮಂಕಿಕ್ಯಾಪು ಹಾಕಿ ನಡೆಯುವವರೆಲ್ಲರಿಗೂ ತಮ್ಮೊಳಗೊಂದು ಕಾದಂಬರಿ ಇದೆಯೆಂಬ ಗುಮಾನಿ ಇದೆ. ನಡಿಗೆಯ ಗುರಿ ಬೆಂಚು. ಬೆಂಚಿನ ಮೇಲೆ ಮಾತಾಡಲು ಮಾನ್ಯವಾದ ವಿಷಯಗಳು ಮೂರು: ಮಂಡಿನೋವು, ಅಮೆರಿಕದಲ್ಲಿರುವ ಮಕ್ಕಳು, ಕಟ್ಟೆಯ ಮಟ್ಟ.

ಈ ಕೊನೆಯದನ್ನು ಸ್ವಲ್ಪ ವಿಸ್ತರಿಸಬೇಕು. ಕಟ್ಟೆ ಎಂದರೆ ಕೃಷ್ಣರಾಜಸಾಗರ. ಅದರ ಗರಿಷ್ಠ ಮಟ್ಟ 124.80 ಅಡಿ. ಈ ದಶಮಾಂಶದ ಮುಂದಿನ 80ನ್ನು ಬಿಟ್ಟು ಹೇಳುವವನು ಹೊರಗಿನವನೆಂದು ತಕ್ಷಣ ಗೊತ್ತಾಗುತ್ತದೆ. ಮುಂಗಾರಿನಲ್ಲಿ ಪತ್ರಿಕೆ ಬಂದ ಕೂಡಲೇ ಮೊದಲು ಕಟ್ಟೆಯ ಮಟ್ಟ ನೋಡಿ, ಒಳಹರಿವು ಹೊರಹರಿವು ಎಷ್ಟು ಕ್ಯೂಸೆಕ್ಸ್ ಎಂದು ನೋಡಿ, ಆಮೇಲೆ ನಿಟ್ಟುಸಿರು ಬಿಡಬೇಕು. ಮಟ್ಟ ಏರಿದರೆ ತಮಿಳುನಾಡಿಗೆ ಬಿಡುತ್ತಾರೆಂಬ ನಿಟ್ಟುಸಿರು, ಇಳಿದರೆ ಆಗಲೇ ಬಿಟ್ಟರೆಂಬ ನಿಟ್ಟುಸಿರು. ಭಾವ ಇದನ್ನು ಬೇಗ ಕಲಿತರು. ಒಂದು ದಿನ ಬೆಂಚಿನಲ್ಲಿ ಮಲಪ್ರಭೆಯ ಮಾತು ತೆಗೆದು, ನವಿಲುತೀರ್ಥದ ಅಣೆಕಟ್ಟಿನಲ್ಲಿ ಎಷ್ಟಿದೆ ಎಂದು ವರದಿ ಒಪ್ಪಿಸಿದರು. ಧಾರವಾಡಕ್ಕೆ ಕುಡಿಯುವ ನೀರು ಅಲ್ಲಿಂದ. ನಮ್ಮ ಬೆಂಚಿನವರು ಗೌರವದಿಂದ ಕೇಳಿಸಿಕೊಂಡರು, ಪಾಕಿಸ್ತಾನದ ಹವಾಮಾನ ಕೇಳಿದ ಹಾಗೆ.

ಪತ್ರಿಕೆಯ ಮಾತು ಬಂತು. 1970ರಲ್ಲಿ ಸಂಸ್ಕೃತದಲ್ಲಿ ದಿನಪತ್ರಿಕೆ ಶುರು ಮಾಡಿದ ಊರಿದು, ಹೆಸರು ಸುಧರ್ಮಾ. ಸುದ್ದಿ ತಿಳಿಯಲು ನಮಗೆ ಅವಸರವಿಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಒಂದು ಬೆಳಗ್ಗೆ ಮೀಸಲಿಡಬೇಕು. ಅಲ್ಲಿ ರವಿವರ್ಮನ ಚಿತ್ರಗಳು ಧಾರಾಳವಾಗಿವೆ. ಆದರೆ ಜನ ಮುಗಿಬೀಳುವುದು ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ. ಅದು ಎಸ್. ಎಲ್. ಹಲ್ದಣ್ಕರ್ ಅವರದು, ಜಲವರ್ಣದಲ್ಲಿ ಬರೆದದ್ದು. ನೋಡುವವರಲ್ಲಿ ಹತ್ತಾರು ಜನ, "ಏನು ಬರೆದಿದ್ದಾನೆ ರವಿವರ್ಮ!" ಎಂದು ಉದ್ಗರಿಸುತ್ತಾರೆ. ಅರಿತ ಸ್ಥಳೀಯನು ಅವರನ್ನು ತಿದ್ದುವುದಿಲ್ಲ. ಹಿಂದೆ ನಿಂತು, ತನ್ನ ಅತಿಥಿಗೆ ಮಾತ್ರ ಕೇಳಿಸುವಂತೆ, ಆದರೆ ಉಳಿದವರಿಗೂ ಕೇಳಿಸುವಂತೆ, "ಹಲ್ದಣ್ಕರ್" ಎನ್ನುತ್ತಾನೆ. ಈ ಧ್ವನಿಮಟ್ಟ ಸಾಧಿಸಲು ವರ್ಷಗಳು ಬೇಕು.

ಅಲ್ಲಿಂದ ಓರಿಯಂಟಲ್ ಲೈಬ್ರರಿ. ಈಗ ಪ್ರಾಚ್ಯವಿದ್ಯಾ ಸಂಶೋಧನಾಲಯ ಎಂದು ಹೆಸರು. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ 1905ರಲ್ಲಿ ಆರ್. ಶಾಮಾಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು ಇಲ್ಲಿ. 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದರು. ಶತಮಾನಗಳ ಕಾಲ ಪಂಡಿತರಿಗೆ ಹೆಸರು ಮಾತ್ರ ಗೊತ್ತಿದ್ದ ಗ್ರಂಥ. ಅಂದಿನಿಂದ ಇಂದಿನವರೆಗೆ ಊರಿನ ಜನ ಆ ಕಟ್ಟಡವನ್ನು ರಸ್ತೆಯ ಈಚೆಯಿಂದ ಹೆಮ್ಮೆಯಿಂದ ನೋಡುತ್ತ ಬಂದಿದ್ದಾರೆ. ನಾವೂ ನೋಡಿದೆವು. ಭಾವ ಒಳಗೆ ಹೋಗೋಣವೆಂದರು. ಬಿಸಿಲು ಜಾಸ್ತಿಯಾಯಿತು ಎಂದು ಮನೆಗೆ ಕರೆದುಕೊಂಡು ಬಂದೆ.

ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಿದ್ದೆ. ಇದನ್ನು ಪ್ರೇಕ್ಷಣೀಯ ಸ್ಥಳಗಳ ಪಟ್ಟಿಗೆ ಸೇರಿಸದಿರುವುದು ಪ್ರವಾಸೋದ್ಯಮ ಇಲಾಖೆಯ ದೊಡ್ಡ ಲೋಪ.

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವುದನ್ನು ನಾನು ಎಲ್ಲರಿಗೂ ಬಲವಾಗಿ ಶಿಫಾರಸು ಮಾಡುತ್ತೇನೆ. ಬೆಳಗಿನ ಗಾಳಿ, ಆರೋಗ್ಯ, ಭಕ್ತಿ ಎಲ್ಲವೂ ಒಟ್ಟಿಗೆ. ಮೆಟ್ಟಿಲನ್ನು ಎಣಿಸಿಕೊಂಡು ಹತ್ತಿದವರು ಒಬ್ಬೊಬ್ಬರು ಒಂದೊಂದು ಲೆಕ್ಕ ಕೊಡುತ್ತಾರೆ. ಹತ್ತದೆ ಇದ್ದವರು ಮಾತ್ರ ಖಚಿತವಾಗಿ ಸಾವಿರದೆಂಟು ಎನ್ನುತ್ತಾರೆ. ಸಾವಿರದೆಂಟು. ಏಳುನೂರರ ಸುಮಾರಿಗೆ ದೊಡ್ಡ ದೇವರಾಜ ಒಡೆಯರ ಕಾಲದ ಏಕಶಿಲಾ ನಂದಿ ಸಿಗುತ್ತದೆ. ಅಲ್ಲಿಗೆ ಕಾರು ಹೋಗುವ ರಸ್ತೆಯೂ ಇದೆ. ಭಾವ ಬೆವರು ಒರೆಸಿಕೊಳ್ಳುತ್ತ ನಂದಿಯ ಬಳಿ ಬಂದಾಗ ನಾನು ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಕಾದಿದ್ದೆ. ಅಷ್ಟು ಮುಂಚೆ ಎದ್ದು ಕಾರು ತೆಗೆಯುವುದೂ ಒಂದು ತಪಸ್ಸೇ.

ದಾರಿ ಹೇಳುವುದು ಈ ಶಾಸ್ತ್ರದ ಅತ್ಯುನ್ನತ ಅಂಗ. ದೊಡ್ಡ ಗಡಿಯಾರ, ಚಿಕ್ಕ ಗಡಿಯಾರ, ಕೆ.ಆರ್. ಸರ್ಕಲ್ಲು ಇವೆಲ್ಲ ಇನ್ನೂ ಇದ್ದಲ್ಲೇ ಇರುವುದರಿಂದ ಅವನ್ನು ಗುರುತಾಗಿ ಬಳಸುವುದು ಕೊಂಚ ಕೆಳಮಟ್ಟದ್ದು, ಅದನ್ನು ಗೂಗಲ್ಲೂ ಮಾಡುತ್ತದೆ. ನಿಜವಾದ ಮೈಸೂರಿನವನು ಈಗ ಇಲ್ಲದ್ದನ್ನು ಹಿಡಿದು ದಾರಿ ಹೇಳುತ್ತಾನೆ. "ಹುಣಸೂರು ರಸ್ತೆಯಲ್ಲಿ ಪ್ರೀಮಿಯರ್ ಸ್ಟುಡಿಯೋ ಇತ್ತಲ್ಲ, ಅದರಿಂದ ಸ್ವಲ್ಪ ಮುಂದೆ." ಸ್ಟುಡಿಯೋ ನೆಲಸಮವಾಗಿ ಎಷ್ಟೋ ಕಾಲವಾಯಿತು. "ಶಾಂತಲಾ ಟಾಕೀಸ್ ಹತ್ತಿರ ಇಳ್ಕೊಳ್ಳಿ." ಶಾಂತಲಾದಲ್ಲಿ ಆಟ ನಿಂತದ್ದು 2020ರಲ್ಲಿ. ಕೇಳಿದವನಿಗೆ ದಾರಿ ಸಿಗದಿರಬಹುದು, ಆದರೆ ಹೇಳಿದವನು ಎಷ್ಟು ಹಳಬ ಎಂಬುದು ನಿಸ್ಸಂಶಯವಾಗಿ ಸಿಗುತ್ತದೆ.

ಈ ಸಂದರ್ಭದಲ್ಲಿ ಗೋಕುಲಂ ಬಡಾವಣೆಯ ಬಗ್ಗೆ ಒಂದು ಎಚ್ಚರಿಕೆ. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗ ಕಲಿಯಲು ಬಂದ ವಿದೇಶೀಯರು ಅಲ್ಲಿ ತಿಂಗಳುಗಟ್ಟಲೆ ಇರುತ್ತಾರೆ. ಬೆಳಕು ಹರಿಯುವ ಮೊದಲೇ ಏಳುತ್ತಾರೆ, ಸ್ಕೂಟರಿನಲ್ಲಿ ಓಡಾಡುತ್ತಾರೆ, ಯಾವ ಗಾಡಿಯ ಇಡ್ಲಿ ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆಂದು ತಿಳಿದಿರುತ್ತಾರೆ, ಮಾರುಕಟ್ಟೆಯಲ್ಲಿ ನಂಜನಗೂಡು ರಸಬಾಳೆಗೂ ಏಲಕ್ಕಿ ಬಾಳೆಗೂ ವ್ಯತ್ಯಾಸ ಹೇಳುತ್ತಾರೆ. ಭಾವ ಒಮ್ಮೆ ದಾರಿ ತಪ್ಪಿದಾಗ ಅಂಥ ಒಬ್ಬ ಹುಡುಗಿ ಎಡಕ್ಕೆ, ಬಲಕ್ಕೆ ಎಂದು ಕನ್ನಡದಲ್ಲೇ ತಿಳಿಸಿ ಸರಿಯಾದ ಬಸ್ಸು ಹತ್ತಿಸಿ ಕಳಿಸಿದಳಂತೆ. ಇವರನ್ನು ಸ್ಥಳೀಯರೆಂದು ಪರಿಗಣಿಸುವಂತಿಲ್ಲ. ಇವರಿಗೆ ದಾರಿ ಗೊತ್ತಿರುತ್ತದೆ.

ಸಂಜೆಗೆ ರಂಗಾಯಣವಿದೆ. ಬಿ. ವಿ. ಕಾರಂತರು 1989ರಲ್ಲಿ ಕಟ್ಟಿದ್ದು. ವಾರಾಂತ್ಯದ ನಾಟಕಗಳಿಗೆ ಹೋಗಬಹುದು. ಭಾವನಿಗೆ ನಾಟಕ ಹಿಡಿಸಿತು. ನಾಟಕ ಬಿಟ್ಟ ಮೇಲೆ ಹೊರಗೆ ನಿಂತು "ಕಾರಂತರ ಕಾಲದಲ್ಲಿ..." ಎಂದು ಆರಂಭಿಸುವವರು ಕೆಲವರಿರುತ್ತಾರೆ. ಅತಿಥಿಯನ್ನು ಅವರ ಬಳಿ ಬಿಟ್ಟರೆ ರಾತ್ರಿ ಊಟದವರೆಗೆ ನಮಗೆ ವಿರಾಮ.

"ಮೊದಲಿನ ಹಾಗಿಲ್ಲ" ಎಂಬ ಈ ಸಿದ್ಧಾಂತ ಊರಿನ ಎಲ್ಲ ಸಂಗತಿಗಳಿಗೂ ಅನ್ವಯಿಸುತ್ತದೆ. ಕಾಫಿ ಮೊದಲಿನ ಹಾಗಿಲ್ಲ, ಮಲ್ಲಿಗೆ ಮೊದಲಿನ ಹಾಗಿಲ್ಲ, ದಸರಾ ವಸ್ತುಪ್ರದರ್ಶನದ ದೆಹಲಿ ಹಪ್ಪಳ ಮೊದಲಿನಷ್ಟು ಅಗಲವಿಲ್ಲ. ದೇಶದ ಸ್ವಚ್ಛ ನಗರಗಳಲ್ಲಿ 2016ರಲ್ಲಿ ಮೊದಲ ಸ್ಥಾನ ಬಂದದ್ದನ್ನು ಹೇಳುವಾಗಲೂ ಕಸದ ತೊಟ್ಟಿಯ ಕಡೆ ಕೈ ತೋರಿಸಿಯೇ ಹೇಳಬೇಕು. ಆದರೆ ಸಿದ್ಧಾಂತದ ಪರಾಕಾಷ್ಠೆ ಅರಮನೆಯ ಮುಂದೆ. ಭಾನುವಾರ ಸಂಜೆ ಸುಮಾರು 97,000 ಬಲ್ಬುಗಳು ಒಮ್ಮೆಲೇ ಹೊತ್ತಿಕೊಂಡಾಗ ಸಾವಿರಾರು ಜನ ಹೋ ಎನ್ನುತ್ತಾರೆ. ಭಾವನೂ ಹೋ ಎಂದರು. ನಾನು ಆ ಸದ್ದು ಅಡಗುವವರೆಗೆ ಕಾದು, ಇದು ಹೆನ್ರಿ ಇರ್ವಿನ್ ಎಂಬ ಬ್ರಿಟಿಷ್ ವಾಸ್ತುಶಿಲ್ಪಿ ನಕ್ಷೆ ಹಾಕಿ 1912ರಲ್ಲಿ ಮುಗಿಸಿದ ಹೊಸ ಅರಮನೆಯೆಂದೂ, 1897ರಲ್ಲಿ ಮದುವೆಯ ಸಮಯದಲ್ಲಿ ಸುಟ್ಟುಹೋದ ಹಳೆಯ ಮರದ ಅರಮನೆಯೇ ಬೇರೆಯೆಂದೂ ತಿಳಿಸಿದೆ. "ಅದು ಇದಕ್ಕಿಂತ ಛಲೋ ಇತ್ತೇನ್ರೀ?" ಎಂದು ಕೇಳಿದರು. ಕಣ್ಣು ಮುಚ್ಚಿ ತಲೆಯಾಡಿಸಿದೆ. ಜೊತೆಗೆ ಕರೆಂಟ್ ಬಿಲ್ಲಿನ ಪ್ರಸ್ತಾಪವನ್ನೂ ಮಾಡಿದೆ; ಅದಿಲ್ಲದೆ ದೀಪಾಲಂಕಾರದ ದರ್ಶನ ಪೂರ್ಣವಾಗುವುದಿಲ್ಲ.

ಭಾವನ ಪ್ರಗತಿ ನನ್ನ ನಿರೀಕ್ಷೆಯನ್ನೂ ಮೀರಿತು. "ನಾಳೆ ಏನ್ ನೋಡೂದ್ರೀ" ಎಂಬ ಪ್ರಶ್ನೆ ಕ್ರಮೇಣ ಅಪರೂಪವಾಗಿ, ಕೊನೆಗೆ ನಿಂತೇಹೋಯಿತು. ಮೃಗಾಲಯ ಇನ್ನೂ ಬಾಕಿ ಇತ್ತು. ಬುಧವಾರ ಹೋಗೋಣವೇ ಎಂದು ನಾನೇ ಕೇಳಿದರೆ, "ಎಲ್ಲಿ ಹೋಗ್ತದ ಬಿಡ್ರೀ" ಎಂದು ಪತ್ರಿಕೆಯ ಒಳಪುಟ ತಿರುಗಿಸಿದರು. ಬೆಂಚಿನಲ್ಲಿ ಅವರಿಗೆಂದೇ ಜಾಗ ಬಿಡತೊಡಗಿದರು. ಚಟ್ನಿಪುಡಿಯ ಡಬ್ಬಿ ಖಾಲಿಯಾದದ್ದನ್ನು ಅವರು ಗಮನಿಸಲಿಲ್ಲ. ರೈಲಿನ ಟಿಕೆಟ್ಟನ್ನು ಮುಂದೂಡಿದ್ದು ನನಗೆ ತಿಳಿದದ್ದು ನನ್ನ ಹೆಂಡತಿಯ ಮುಖ ನೋಡಿ.

ಅಷ್ಟರಲ್ಲಿ ಭಾವನ ತಮ್ಮನ ಸಂಸಾರ ರಜೆಗೆಂದು ಧಾರವಾಡದಿಂದ ಬಂದಿಳಿಯಿತು. ಕೈಕಾಲು ತೊಳೆದು ಕಾಫಿ ಕುಡಿದವರೇ ಮಕ್ಕಳನ್ನು ಹೊರಡಿಸಿಕೊಂಡು, ಅರಮನೆಗೆ ಹೇಗೆ ಹೋಗಬೇಕೆಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಭಾವ ಪತ್ರಿಕೆ ಮಡಿಸಿಟ್ಟು, ಕನ್ನಡಕ ಹಣೆಗೇರಿಸಿ, "ಅರಮನಿ ಈಗ ಮೊದಲಿನ್ಹಂಗ ಉಳದಿಲ್ಲಪಾ. ಇರಲಿ, ಹೇಳ್ತೀನಿ ಕೇಳು. ಇಲ್ಲಿ ಮೊದಲ ಪ್ರೀಮಿಯರ್ ಸ್ಟುಡಿಯೋ ಅಂತ ಇತ್ತು..." ಎಂದು ಶುರು ಮಾಡಿದರು.